ಸ್ವಲ್ಪ ಸರ್ಕೊಳ್ರೀ ಡಿ ಡ್ರೈವೇ!

ಲ್ಯಾಪ್‌ಟಾಪ್ ತಂದು ಟೇಬಲ್ ಮೇಲಿಟ್ಟು, ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ ನೀವು ಕೇಳೋದು ಏನು ಅಂತ ನಂಗೊತ್ತು. "ಲಿನಕ್ಸಿಗೆ ಒಂಚೂರು ಜಾಗ ಜಾಸ್ತಿ ಮಾಡ್ಬೇಕಿತ್ತು. ಆದ್ರೆ ವಿಂಡೋಸಿಗೆ ಏನೂ ಆಗಬಾರದು. ಡಿ ಡ್ರೈವ್ ಮುಟ್ಟೋ ಹಾಗಿಲ್ಲ. ಯಾವ ಫೈಲೂ ಡಿಲೀಟ್ ಮಾಡಲ್ಲ." ಅಲ್ಲಾ ಮಾರಾಯ್ರೆ, ಮತ್ತೆ ಜಾಗ ಎಲ್ಲಿಂದ ಬರ್ಬೇಕು? ಗಾಜನೂರು ಡ್ಯಾಮಿನ ಗೇಟು ಎತ್ತಿದ್ರೆ ಬರುತ್ತಾ?

ನಾಚ್ಕೋಬೇಡಿ. ನಿಮ್ಮಂಥೋರು ಶಿವಮೊಗ್ಗ ತುಂಬಾ ಇದ್ದಾರೆ. ವಿನೋಬನಗರದಲ್ಲಿದ್ದಾರೆ, ದುರ್ಗಿಗುಡಿಯಲ್ಲಿದ್ದಾರೆ, ಆ ಕಡೆ ಭದ್ರಾವತಿಯ ನ್ಯೂಟೌನಲ್ಲೂ ಇದ್ದಾರೆ. ಒಂದೇ ಲ್ಯಾಪ್‌ಟಾಪಲ್ಲಿ ವಿಂಡೋಸೂ ಬೇಕು, ಉಬುಂಟು ಅನ್ನೋ ಲಿನಕ್ಸೂ ಬೇಕು. (ಉಬುಂಟು ಎಂತಕ್ಕೆ ಅಂತ ಕೇಳಿದ್ರೆ ಮಳೆ ಬಗ್ಗೆ ಮಾತಾಡೋಕೆ ಶುರು ಮಾಡ್ತೀರಿ, ಇರ್ಲಿ.)

ಈಚೆಗಂತೂ ಈ ಪಂಗಡ ಇನ್ನೂ ಬೆಳೆದಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್‌ನೋರು ವಿಂಡೋಸ್ 10ರ ಕೈ ಬಿಟ್ರು. ವಿಂಡೋಸ್ 11 ಹಾಕೋಣ ಅಂದ್ರೆ ಟಿಪಿಎಂ 2.0 ಬೇಕು, ಹೊಸ ಪ್ರೊಸೆಸರ್ ಬೇಕು. ನಿಮ್ಮ ಲ್ಯಾಪ್‌ಟಾಪ್ ಮಗಳು ಪಿಯುಸಿಯಲ್ಲಿದ್ದಾಗ ತಂದಿದ್ದು, ಅವಳಿಗೀಗ ಕೈಗೂಸಿದೆ. "ಲಿನಕ್ಸ್ ಹಾಕ್ಸಿ ಸಾರ್, ಹೊಸದರ ಥರ ಓಡುತ್ತೆ" ಅಂತ ಯಾರೋ ಅಂದ್ರು. ಹಾಕ್ಸಿದ್ರಿ. ವಿಂಡೋಸ್ ತೆಗೆಸಿದ್ರಾ? ಊಹೂಂ.

ಕಾರಣಗಳಿಗೇನು ಬರ? ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ ಸಂಘದ ನಡಾವಳಿ ಇದೆ. ಭಾವನ ಅಂಗಡಿಯ ಟ್ಯಾಲಿ ಇದೆ. ಪೇಜ್‌ಮೇಕರಲ್ಲಿ ಮಾಡ್ಸಿದ ಲಗ್ನಪತ್ರಿಕೆ ಇದೆ. (ಪೇಜ್‌ಮೇಕರಿನ ಕೊನೇ ದೊಡ್ಡ ಆವೃತ್ತಿ 7.0 ಬಂದಿದ್ದು 2001ರಲ್ಲಿ. ನಮ್ಮೂರಿನ ಕೆಲವು ಡಿಟಿಪಿ ಅಂಗಡಿಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.) ಸರಿ, ಒಪ್ಪಿದೆ, ವಿಂಡೋಸ್ ಇರ್ಲಿ. ಆದ್ರೆ ಆ ನಡಾವಳಿ ಫೈಲನ್ನ ಕೊನೇ ಸಲ ತೆಗೆದು ನೋಡಿದ್ದು ಯಾವಾಗ? ಆ ಸಂಘ ಇನ್ನೂ ಇದೆಯಾ?

ಕೆಲವರಿಗೆ ಈ ಚಟ ಹಳೇದು. ಉಬುಂಟು ಹುಟ್ಟಿದ್ದು 2004ರ ಅಕ್ಟೋಬರಲ್ಲಿ. ಆಮೇಲೆ 2011ರ ತನಕ, ಕೇಳಿದೋರ ಮನೆಗೆ ಸಿಡಿಯನ್ನ ಪುಕ್ಕಟೆ ಕಳಿಸ್ತಿದ್ರು, ಅಂಚೆ ಖರ್ಚೂ ಅವರದ್ದೇ. ಪುಕ್ಕಟೆ ಅಂದ್ಮೇಲೆ ನೀವು ಬಿಟ್ಟೀರಾ? ನಿಮ್ಮ ಹೆಸರಲ್ಲೊಂದು, ತಮ್ಮನ ಹೆಸರಲ್ಲೊಂದು ತರ್ಸಿದ್ರಿ. ಫಾರಿನ್ ಕವರು ಅಂತ ಬೀದಿಗೆಲ್ಲ ತೋರ್ಸಿದ್ರಿ. ಆ ಸಿಡಿ ಕಂಪ್ಯೂಟರಿನ ಮುಖ ಕಂಡಿದ್ದಕ್ಕಿಂತ ಶೋಕೇಸಿನ ಗಾಜು ಕಂಡಿದ್ದೇ ಹೆಚ್ಚು.

ಈಗ ಇನ್‌ಸ್ಟಾಲ್ ಮಾಡೋ ಹೊತ್ತಿನ ಒಂದು ಪರದೆ ನೆನಪು ಮಾಡ್ಕೊಳ್ಳಿ. ಉದ್ದಕ್ಕೆ ಒಂದು ಪಟ್ಟಿ, ನಡುವೆ ಒಂದು ಗೆರೆ. ಎಡಕ್ಕೆ ವಿಂಡೋಸು, ಬಲಕ್ಕೆ ಉಬುಂಟು. ಗೆರೆ ಎಳೆದು ಯಾರಿಗೆ ಎಷ್ಟು ಅಂತ ನೀವೇ ಹೇಳ್ಬೇಕು. ಮನುಷ್ಯನ ಗುಣ ತಿಳೀಬೇಕಂದ್ರೆ ಜಾತಕ ತರ್ಸೋದು ಬೇಡ ಕಣ್ರೀ, ಅವನು ಆ ಗೆರೆ ಎಲ್ಲಿ ನಿಲ್ಲಿಸ್ತಾನೆ ನೋಡಿದ್ರೆ ಸಾಕು.

ಕನಿಷ್ಠ 25 ಜಿಬಿ ಬೇಕು ಅಂತ ಉಬುಂಟುನೋರು ಬರೆದಿದ್ರು. ನೀವು ಕೊಟ್ಟಿದ್ದು ಎಷ್ಟು? ಸರಿಯಾಗಿ 25. ಒಂದು ಜಿಬಿ ಹೆಚ್ಚಿಲ್ಲ. "ಸುಮ್ನೆ ನೋಡೋಕೆ ತಾನೆ, ಸಾಕು" ಅಂದ್ರಿ. ಅದೇ ಹೊತ್ತಲ್ಲಿ ಡಿ ಡ್ರೈವಲ್ಲಿ ಜೋಗದ ಫೋಟೋಗಳೇ ಅದಕ್ಕಿಂತ ಹೆಚ್ಚು ಜಾಗ ಹಿಡಿದು ಕೂತಿದ್ವು. (ಅದೂ ಆಗಸ್ಟಲ್ಲಿ ತೆಗೆದಿದ್ದು. ಜಲಪಾತ ಎಲ್ಲಿ? ಬರೀ ಮಂಜು. ಬಿಳೀ ಗೋಡೆ ಮುಂದೆ ನಿಂತ ಹಾಗಿದೀರಿ, ಕೊಡೆ ಹಿಡ್ಕೊಂಡು.)

ಈ ಡಿ ಡ್ರೈವ್ ಭಕ್ತಿ ಎಲ್ಲಿಂದ ಬಂತು ಅಂತ ಯೋಚನೆ ಮಾಡಿದೀರಾ? ಅಸೆಂಬಲ್ ಮಾಡೋ ಹುಡುಗರು ಕಲ್ಸಿದ್ದು. ನೆಹರೂ ರೋಡೋ ಬಿಎಚ್ ರೋಡೋ, ಯಾವ ಅಂಗಡಿಯಲ್ಲೇ ಕಂಪ್ಯೂಟರ್ ಜೋಡಿಸ್ಲಿ, ಡಿಸ್ಕನ್ನ ಸಿ, ಡಿ, ಇ ಅಂತ ಹಚ್ಚಿ ಕೊಡೋರು. "ಸಿ ಫಾರ್ಮ್ಯಾಟ್ ಆದ್ರೂ ಡಿ ಇರುತ್ತೆ ಸಾರ್, ಮುಖ್ಯವಾದ್ದೆಲ್ಲ ಡಿಯಲ್ಲಿಡಿ." ವೇದವಾಕ್ಯ! ಅವತ್ತಿಂದ ನೀವು ಸಿ ಡ್ರೈವಿನ ಕಡೆ ತಿರುಗಿ ನೋಡಿಲ್ಲ.

ಮಾತು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ವಿಂಡೋಸ್ ಕೆಟ್ಟು ಸಿ ಒಂದನ್ನೇ ಅಳಿಸಿದ್ರೆ ಡಿ ಉಳಿಯುತ್ತೆ, ಹೌದು. ಆದ್ರೆ ಡಿಸ್ಕೇ ಸತ್ರೆ? ಸಿ, ಡಿ ಎರಡೂ ಇರೋದು ಒಂದೇ ತಗಡಿನ ಡಬ್ಬಿಯೊಳಗೆ. ಡಿಗೆ ಕಾಪಿ ಮಾಡಿದ್ದನ್ನ ಬ್ಯಾಕಪ್ ಅಂತ ಕರೀತೀರಲ್ಲ, ನಿಮ್ಮ ಧೈರ್ಯಕ್ಕೆ ಕೈ ಮುಗೀಬೇಕು.

ಮತ್ತೆ ಆ ಡಿಯೊಳಗೆ ಇರೋದೇನು? ಹೇಳ್ಲಾ? "ನ್ಯೂ ಫೋಲ್ಡರ್", "ನ್ಯೂ ಫೋಲ್ಡರ್ 2", "ಮೊಬೈಲ್ ಹಳೇದು", "ಮೊಬೈಲ್ ಹಳೇದು ಪೂರ್ತಿ". "ಶಿಮೊಗ್ಗ ಫೋಟೋಸ್" ಅಂತ ಒಂದು, "ಶಿವಮೊಗ್ಗ ಫೋಟೋಸ್" ಅಂತ ಇನ್ನೊಂದು. (2014ರ ನವೆಂಬರ್ ಒಂದಕ್ಕೆ ಸರ್ಕಾರ ಊರಿನ ಹೆಸರು ತಿದ್ದಿತು, ನೀವು ಹೊಸ ಫೋಲ್ಡರ್ ಮಾಡಿದ್ರಿ.) ಎರಡರ ಒಳಗೂ ಅದೇ ಮಾರಿ ಜಾತ್ರೆ, ಅದೇ ಸಕ್ರೆಬೈಲು ಆನೆ.

ಭದ್ರಾವತಿಯೋರು ನಗಬೇಡಿ. ಓಲ್ಡ್ ಟೌನು, ನ್ಯೂಟೌನು, ಪೇಪರ್ ಟೌನು ಅಂತ ಊರನ್ನೇ ಪಾರ್ಟಿಷನ್ ಮಾಡ್ಕೊಂಡು ಕೂತೋರು ನೀವು. ಕಬ್ಬಿಣದ ಕಾರ್ಖಾನೆಗೊಂದು ಟೌನು, 1936ರಲ್ಲಿ ಶುರುವಾದ ಕಾಗದದ ಕಾರ್ಖಾನೆಗೊಂದು ಟೌನು. ಕಾಗದದ ಕಾರ್ಖಾನೆ ಬಾಗಿಲು ಮುಚ್ಚಿ ವರ್ಷಗಳಾದ್ವು, ಅಪ್ಪನ ಸರ್ವೀಸ್ ರೆಕಾರ್ಡಿನ ಸ್ಕ್ಯಾನ್ ಕಾಪಿ ಮಾತ್ರ ನಿಮ್ಮ ಡಿಯಲ್ಲಿ ಮೂರು ಕಡೆ ಇದೆ. ಅದೊಂದನ್ನ ಇಟ್ಕೊಳ್ಳಿ, ಅದು ಬೇಕಾಗುತ್ತೆ. ಆದ್ರೆ ಮೂರು ಕಡೆ ಯಾಕೆ?

ಇನ್ನೊಂದು ದೂರು ನಿಮ್ಮದು ಕೇಳಿ ಕೇಳಿ ಸಾಕಾಗಿದೆ. "500 ಜಿಬಿ ಅಂತ ದುಡ್ಡು ಇಸ್ಕೊಂಡ್ರು, ತೋರ್ಸೋದು 465. ಉಳಿದ 35 ಯಾರು ತಿಂದ್ರು?" ಯಾರೂ ತಿಂದಿಲ್ಲ ಸ್ವಾಮಿ. ಡಿಸ್ಕ್ ಮಾಡೋರು ಸಾವಿರದ ಲೆಕ್ಕದಲ್ಲಿ ಎಣಿಸ್ತಾರೆ, ವಿಂಡೋಸು 1024ರ ಲೆಕ್ಕದಲ್ಲಿ ಎಣಿಸಿ ಅದಕ್ಕೂ ಜಿಬಿ ಅಂತಲೇ ಬರೆಯುತ್ತೆ. ಡಿಸ್ಕ್ ಅಷ್ಟೇ ಇದೆ. ಅಂಗಡಿಯೋನಿಗೆ ಇಷ್ಟು ವರ್ಷ ಬೈದಿದ್ದು ಮಾತ್ರ ವಾಪಸ್ ತಗೊಳ್ಳೋಕೆ ಆಗಲ್ಲ.

ಸರಿ, 25 ಜಿಬಿಯ ಉಬುಂಟು ತುಂಬ್ತು. ತುಂಬದೆ ಇನ್ನೇನು? ಅಪ್‌ಡೇಟ್ ಆದಾಗ ಹಳೇ ಕರ್ನಲ್ ಒಂದೆರಡು ಉಳಿಯುತ್ತೆ, ಸ್ನ್ಯಾಪ್ ಪ್ಯಾಕೇಜುಗಳ ಹಿಂದಿನ ಆವೃತ್ತಿ ಉಳಿಯುತ್ತೆ, ಲಾಗುಗಳು ಬೆಳೀತಾವೆ. ಉಬುಂಟು ಬದಲು ಮಿಂಟ್ ಅನ್ನೋ ಲಿನಕ್ಸ್ ಹಾಕ್ಕೊಂಡೋರಾದ್ರೆ ಟೈಮ್‌ಶಿಫ್ಟ್ ಆನ್ ಮಾಡಿ ಮರ್ತಿರ್ತೀರಿ. ಅದು ಪಾಪ ದಿನಾ ಅದೇ ಡಿಸ್ಕಲ್ಲೇ ಸ್ನ್ಯಾಪ್‌ಶಾಟ್ ತೆಗೆದು ಒಟ್ತಾ ಇರುತ್ತೆ.

ಹಾಗಾಗಿ ಗೆರೆ ಎಳೆಯೋ ಮುಂಚೆ ಒಂದು ಸಲ ಒಳಗೆ ಗುಡಿಸಿ. "ಸುಡೋ ಆಪ್ಟ್ ಆಟೋರಿಮೂವ್" ಹೊಡೀರಿ, "ಸುಡೋ ಆಪ್ಟ್ ಕ್ಲೀನ್" ಹೊಡೀರಿ, ಟೈಮ್‌ಶಿಫ್ಟಿನ ಹಳೇ ಸ್ನ್ಯಾಪ್‌ಶಾಟ್ ತೆಗೀರಿ. ಎಷ್ಟೋ ಸಲ ಅಷ್ಟಕ್ಕೇ ಕೆಲವು ಜಿಬಿ ಸಿಕ್ಕಿ ಮಾತು ಮುಗಿಯುತ್ತೆ. ಆದ್ರೆ ನಿಮಗೆ ಮುಗಿಯೋದು ಬೇಡ. ಗೆರೆ ಎಳೆಯೋ ಮಜಾ ಬೇಕು. ಅಲ್ವಾ?

ಇನ್ನೂ ಒಂದು ಗುಟ್ಟು ಹೇಳ್ತೀನಿ, ಹತ್ರ ಬನ್ನಿ. ಲಿನಕ್ಸಿಂದ ಡಿ ಡ್ರೈವ್ ತೆಗೆದು ಓದಬಹುದು, ಬರೀಬಹುದು. ಎನ್‌ಟಿಎಫ್‌ಎಸ್ ಅನ್ನೋ ವಿಂಡೋಸಿನ ಫೈಲ್ ಸಿಸ್ಟಮ್ಮಿಗೆ 2021ರ ಹೊತ್ತಿಗೆ ಲಿನಕ್ಸ್ ಕರ್ನಲ್ ಒಳಗೇ ಹೊಸ ಡ್ರೈವರ್ ಬಂತು, ಅದಕ್ಕೂ ಮುಂಚೆ ಬೇರೆ ಡ್ರೈವರ್ ಇದ್ದೇ ಇತ್ತು. ಸಿನಿಮಾ, ಫೋಟೋ, ಡೌನ್‌ಲೋಡ್ ಎಲ್ಲ ಡಿಯಲ್ಲೇ ಇಟ್ಟು ಎರಡೂ ಕಡೆಯಿಂದ ಬಳಸಿದ್ರೆ ಉಬುಂಟುಗೆ ಜಾಗದ ತಾಪತ್ರಯವೇ ಕಮ್ಮಿ. ನಂಗೆ ಕೇಳಿದ್ರೆ ಅರ್ಧಕ್ಕರ್ಧ ಜನಕ್ಕೆ ಇಷ್ಟೇ ಸಾಕು. ನೀವು ಆ ಅರ್ಧದಲ್ಲಿಲ್ಲ ಅಂತ ನಿಮ್ಮ ಮುಖವೇ ಹೇಳ್ತಿದೆ.

ಹಾಗಿದ್ರೆ ಬನ್ನಿ, ಗೆರೆ ಎಳೆಯೋಣ. ನೀವಂದ್ಕೊಂಡಿರೋದು ಹೀಗೆ. ಸಿಯಲ್ಲಿ 100 ಜಿಬಿ ಖಾಲಿ ಇದೆ, ಅದರಲ್ಲಿ 50 ತೆಗೆದು ಉಬುಂಟುಗೆ ಕೊಡೋದು. ಲೆಕ್ಕ ಸರಿ. ಆದ್ರೆ ಡಿಸ್ಕಲ್ಲಿ ಜಾಗ ಅನ್ನೋದು ಬ್ಯಾಂಕಿನ ದುಡ್ಡಲ್ಲ, ಇಲ್ಲಿ ತೆಗೆದು ಅಲ್ಲಿ ಹಾಕೋಕೆ. ಪಕ್ಕಪಕ್ಕದಲ್ಲೇ ಇರ್ಬೇಕು. ಇಲ್ಲೇ ನೋಡಿ ಎಲ್ಲರೂ ಎಡವೋದು.

ಭದ್ರಾವತಿ–ಶಿವಮೊಗ್ಗ ಪ್ರೈವೇಟ್ ಬಸ್ಸಲ್ಲಿ ಓಡಾಡಿದೋರಿಗೆ ಇದು ಥಟ್ಟಂತ ಹೊಳೆಯುತ್ತೆ. ಮೂರು ಜನರ ಸೀಟು. ಕಿಟಕಿ ಪಕ್ಕ ದಪ್ಪನೆ ಸಿ, ಕಾಲು ಚಾಚಿ. ನಡುವೆ ಡಿ, ತೊಡೆ ಮೇಲೆ ಕಾಲಡಿ ಎಲ್ಲ ಬ್ಯಾಗು. ಅಂಚಲ್ಲಿ ಲಿನಕ್ಸು, ಅರ್ಧ ಸೀಟಲ್ಲಿ, ಇನ್ನರ್ಧ ಗಾಳಿಯಲ್ಲಿ, ಒಂದು ಕೈಯಲ್ಲಿ ಕಂಬಿ ಹಿಡ್ಕೊಂಡು. ಕಂಡಕ್ಟರ್ ಬಂದು ಸಿಗೆ "ಸ್ವಲ್ಪ ಒತ್ಕೊಳ್ಳಿ ಸಾರ್" ಅಂದ. ಸಿ ಕಿಟಕಿಗೆ ಒತ್ಕೊಂಡ. ಜಾಗ ಆಯ್ತಾ? ಆಯ್ತು. ಎಲ್ಲಿ? ಸಿಗೂ ಡಿಗೂ ನಡುವೆ!

ಅಂಚಲ್ಲಿ ಜೋತಾಡ್ತಿರೋ ಲಿನಕ್ಸಿಗೆ ಆ ಜಾಗದಿಂದ ಎಂತ ಉಪಯೋಗ? ಏನೂ ಇಲ್ಲ. ನಡುವಿನ ಡಿ ಯಜಮಾನ್ರು ಕಿಟಕಿ ಕಡೆ ಸರೀಬೇಕು. ಸರಿಯೋದು ಅಂದ್ರೆ ಸುಮ್ನೆ ಅಲ್ಲ, ಅವರ ಬ್ಯಾಗು, ಬುಟ್ಟಿ, ತೆಂಗಿನಕಾಯಿ ಚೀಲ, ಹಳೇ ಮೊಬೈಲು, ಹಳೇ ಮೊಬೈಲು ಪೂರ್ತಿ, ಎಲ್ಲವನ್ನೂ ಒಂದೊಂದಾಗಿ ಎತ್ತಿ ಆ ಕಡೆ ಇಡ್ಬೇಕು. ಆಮೇಲೆ ತಾನೆ ಖಾಲಿ ಜಾಗ ಲಿನಕ್ಸಿನ ಮಗ್ಗುಲಿಗೆ ಬರೋದು.

ಅಲ್ಲಿಗೂ ಮುಗೀಲಿಲ್ಲ. ಈಗ ಲಿನಕ್ಸ್ ತಾನೂ ಎಡಕ್ಕೆ ಸರೀಬೇಕು, ತನ್ನ ಸಾಮಾನು ಸಮೇತ. ಯಾಕಂದ್ರೆ ಪಾರ್ಟಿಷನ್ ಶುರುವಾಗೋ ಜಾಗ ಬದಲಾದ್ರೆ ಒಳಗಿನ ದತ್ತಾಂಶವನ್ನೆಲ್ಲ ಮೊದಲಿಂದ ಹೊತ್ತು ಹಾಕ್ಬೇಕು. ಬಲಗಡೆ ಖಾಲಿ ಇದ್ದು ಬಲಕ್ಕೆ ಬೆಳೆಯೋದಾದ್ರೆ ನಿಮಿಷದ ಕೆಲಸ. ಎಡಕ್ಕೆ ಬೆಳೆಯೋದಾದ್ರೆ, ಹಳೇ ತಿರುಗೋ ಡಿಸ್ಕಲ್ಲಿ ಡಿ ತುಂಬಿದ್ರೆ, ಗಂಟೆಗಟ್ಟಲೆ. ನಿದಿಗೆ ದಾಟ್ತು, ಮಾಚೇನಹಳ್ಳಿ ದಾಟ್ತು, ಡಿ ಇನ್ನೂ ಬ್ಯಾಗ್ ಎತ್ತಿಡ್ತಾನೇ ಇದ್ದಾರೆ.

ಸರ್ಕೊಳ್ತಿರೋ ನಡುವೆ ಡ್ರೈವರ್ ಸಡನ್ ಬ್ರೇಕ್ ಹಾಕಿದ್ರೆ? ಅದೇ ಕರೆಂಟ್ ಹೋಗೋದು ಅಂತ ತಿಳ್ಕೊಳ್ಳಿ. ಅರ್ಧ ಸಾಮಾನು ಇಲ್ಲಿ, ಅರ್ಧ ಅಲ್ಲಿ, ಯಾವುದು ಯಾರದ್ದು ಅಂತ ಹೇಳೋರಿಲ್ಲ. ಆದ್ದರಿಂದ ಜುಲೈ ತಿಂಗಳ ಗಾಳಿಮಳೆಯಲ್ಲಿ, ಬ್ಯಾಟರಿ ಸತ್ತ ಲ್ಯಾಪ್‌ಟಾಪನ್ನ ಚಾರ್ಜರ್ ಚುಚ್ಚಿ ಈ ಕೆಲ್ಸಕ್ಕೆ ಕೂರೋರು ಒಂದೋ ಶೂರರು, ಇಲ್ಲಾ ನೀವು.

ಸಿ ಒತ್ಕೊಳ್ಳೋ ವಿಷಯಕ್ಕೆ ವಾಪಸ್ ಬರೋಣ. ಅದನ್ನ ವಿಂಡೋಸಿನ ಕೈಯಿಂದಲೇ ಮಾಡ್ಸಿ. ವಿಸ್ಟಾ ಕಾಲದಿಂದ, ಅಂದ್ರೆ 2007ರಿಂದ, ಡಿಸ್ಕ್ ಮ್ಯಾನೇಜ್‌ಮೆಂಟಲ್ಲಿ "ಶ್ರಿಂಕ್ ವಾಲ್ಯೂಮ್" ಅಂತ ಇದೆ. (ವಿಸ್ಟಾಕ್ಕೆ ಎಲ್ಲರೂ ಬೈದ್ರು, ಈ ಒಂದು ಪುಣ್ಯದ ಕೆಲ್ಸ ಯಾರೂ ನೆನೆಯಲ್ಲ.) ಒತ್ತಿದ್ರಿ. 100 ಜಿಬಿ ಖಾಲಿ ಇರೋ ಸಿ ಏನಂತು? "2 ಜಿಬಿ ಬಿಟ್ಕೊಡಬಹುದು." ನಿಮಗೆ ತಲೆ ಕೆಡ್ತು.

ಕೆಡಬಾರದು. ನೀವೂ ಹಾಗೇ ತಾನೆ? ಮನೆಯಿಡೀ ಖಾಲಿ ಇದ್ರೂ ಜಗಲಿಯ ಆ ಒಂದು ಕುರ್ಚಿ ಬಿಟ್ಟೇಳಲ್ಲ. ಸಿಯ ಕೊನೇ ತುದಿಯಲ್ಲೂ ಕೆಲವು ಫೈಲುಗಳು ಹಾಗೇ ಕೂತಿರ್ತವೆ. ಪೇಜ್ ಫೈಲು, ಹೈಬರ್ನೇಷನ್ ಫೈಲು, ಸಿಸ್ಟಮ್ ರಿಸ್ಟೋರಿನ ಹಳೇ ನಕಲು, ಎನ್‌ಟಿಎಫ್‌ಎಸ್‌ನ ಎಂಎಫ್‌ಟಿ ಅನ್ನೋ ರಿಜಿಸ್ಟರು. ವಿಂಡೋಸ್ ನಡೀತಿರೋವಾಗ ಇವನ್ನ ಅಲ್ಲಾಡ್ಸೋಕೆ ಆಗಲ್ಲ, ಶ್ರಿಂಕು ಅಲ್ಲಿಗೇ ನಿಲ್ಲುತ್ತೆ.

ಯಾರು ಅಡ್ಡ ಕೂತಿದ್ದು ಅಂತ ಪತ್ತೆ ಮಾಡೋಕೂ ದಾರಿ ಇದೆ. ಈವೆಂಟ್ ವ್ಯೂವರಿನ ಅಪ್ಲಿಕೇಷನ್ ಲಾಗಲ್ಲಿ 259 ಅನ್ನೋ ನಂಬರಿನ ದಾಖಲೆ ಹುಡುಕಿ, ಕೊನೇಲಿ ಅಡ್ಡಬಂದ ಫೈಲಿನ ಹೆಸರು ಬರೆದಿರುತ್ತೆ. "ಪವರ್‌ಸಿಎಫ್‌ಜಿ /ಎಚ್ ಆಫ್" ಅಂತ ಅಡ್ಮಿನ್ ಕಮಾಂಡ್ ಹೊಡೆದ್ರೆ ಹೈಬರ್ನೇಷನ್ ಫೈಲ್ ಜಾಗ ಖಾಲಿ ಮಾಡುತ್ತೆ. ಪೇಜ್ ಫೈಲು, ಸಿಸ್ಟಮ್ ಪ್ರೊಟೆಕ್ಷನ್ನು ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ ಮತ್ತೆ ಶ್ರಿಂಕ್ ಒತ್ತಿ. ಎಂಎಫ್‌ಟಿ ಅಡ್ಡ ಇಲ್ದಿದ್ರೆ ಈ ಸಲ ಧಾರಾಳವಾಗಿ ಬಿಡುತ್ತೆ. (ಆಮೇಲೆ ಪೇಜ್ ಫೈಲು, ಸಿಸ್ಟಮ್ ಪ್ರೊಟೆಕ್ಷನ್ನು ಎರಡನ್ನೂ ವಾಪಸ್ ಆನ್ ಮಾಡ್ಬೇಕು. ಮರೀತೀರಿ, ಗೊತ್ತು.)

ಅಂದ ಹಾಗೆ, ನೀವು ರಾತ್ರಿ "ಶಟ್ ಡೌನ್" ಒತ್ತಿ ಮಲಗ್ತೀರಲ್ಲ, ವಿಂಡೋಸ್ ನಿಜಕ್ಕೂ ಮಲಗಿರುತ್ತೆ ಅಂದ್ಕೊಂಡಿದೀರಾ? 2012ರಲ್ಲಿ ವಿಂಡೋಸ್ 8 ಜೊತೆ ಫಾಸ್ಟ್ ಸ್ಟಾರ್ಟಪ್ ಬಂತು. ಅದು ಆನ್ ಇದ್ರೆ ಶಟ್ ಡೌನ್ ಅಂದ್ರೆ ಅರ್ಧ ನಿದ್ದೆ, ಪೂರ್ತಿ ಆಫ್ ಆಗೋದು ರೀಸ್ಟಾರ್ಟ್ ಕೊಟ್ಟಾಗಲೇ. ಅರ್ಧ ನಿದ್ದೆಯಲ್ಲಿರೋ ಸಿಯನ್ನ ಲಿನಕ್ಸಿಂದ ತೆರೆದ್ರೆ "ಓದೋಕೆ ಮಾತ್ರ" ಅನ್ನುತ್ತೆ. ಪಾರ್ಟಿಷನ್ ಕೆಲಸಕ್ಕೆ ಮುಂಚೆ ಈ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡ್ಲೇಬೇಕು. ಹೈಬರ್ನೇಷನ್ ತೆಗೆದ್ರೆ ಇದೂ ತಾನಾಗೇ ಹೋಗುತ್ತೆ.

ಲ್ಯಾಪ್‌ಟಾಪ್ ಹೊಸದಾ? ಹಾಗಿದ್ರೆ ಡಿಸ್ಕಿಗೆ ಬೀಗ ಹಾಕೋ ಬಿಟ್‌ಲಾಕರ್ ಇದೆಯಾ ನೋಡಿ. "ನಾನು ಹಾಕೇ ಇಲ್ಲ" ಅಂತೀರಿ. ನೀವು ಹಾಕಿಲ್ಲ, ವಿಂಡೋಸ್ 11 ತಾನೇ ಹಾಕ್ಕೊಂಡಿರಬಹುದು. ಬೂಟ್ ಸಂಗತಿ ಬದಲಾದಾಗ ಅದು ಎದ್ದು ನಿಂತು 48 ಅಂಕಿಯ ರಿಕವರಿ ಕೀ ಕೇಳುತ್ತೆ. ನಿಮಗೋ ಮೈಕ್ರೋಸಾಫ್ಟ್ ಅಕೌಂಟಿನ ಪಾಸ್‌ವರ್ಡೇ ನೆನಪಿಲ್ಲ, ಮಗ ಹಾಕ್ಕೊಟ್ಟಿದ್ದು, ಅವನು ಬೆಂಗಳೂರಲ್ಲಿದ್ದಾನೆ, ಮೀಟಿಂಗಲ್ಲಿದ್ದಾನೆ. ಮೊದಲೇ ಆ ಕೀ ಹುಡುಕಿ ಕಾಗದದ ಮೇಲೆ ಬರ್ಕೊಳ್ಳಿ. (ಡಿ ಡ್ರೈವಲ್ಲಿ ಸೇವ್ ಮಾಡ್ಬೇಡಿ, ದಯವಿಟ್ಟು!)

ಇಷ್ಟೆಲ್ಲ ಆದ್ಮೇಲೆ ಪೆನ್‌ಡ್ರೈವ್. ಉಬುಂಟು ತಾನು ಓಡ್ತಿರೋವಾಗ ತನ್ನ ಕಾಲಡಿಯ ಪಾರ್ಟಿಷನ್ ಸರಿಸೋಕೆ ಬಿಡಲ್ಲ, ಹೊರಗಿಂದ ಲೈವ್ ಯುಎಸ್‌ಬಿ ಹಾಕಿ ಬೂಟ್ ಮಾಡ್ಬೇಕು. ಅದರಲ್ಲಿ ಜಿಪಾರ್ಟೆಡ್ ಅಂತ ಇರುತ್ತೆ. 2004ರಿಂದ ಇರೋ ಪ್ರೋಗ್ರಾಮು, ಪುಕ್ಕಟೆ. (ಕಿವಿ ನೆಟ್ಟಗಾಯ್ತಾ?) ಪಾರ್ಟಿಷನ್ ಪಕ್ಕ ಕೀಲಿಕೈ ಚಿತ್ರ ಕಂಡ್ರೆ ಅದು ಬಳಕೆಯಲ್ಲಿದೆ ಅಂತ, ಸ್ವಾಪ್ ಆದ್ರೆ ಮೊದಲು ಸ್ವಾಪ್‌ಆಫ್ ಕೊಡಿ.

ಜಿಪಾರ್ಟೆಡ್ಡಿನ ಒಂದು ಗುಣ ನಂಗೆ ತುಂಬಾ ಇಷ್ಟ. ನೀವು ಎಷ್ಟು ಎಳೆದಾಡಿದ್ರೂ ಅದು ಡಿಸ್ಕನ್ನ ಮುಟ್ಟಲ್ಲ. ಕೆಳಗೆ ಪಟ್ಟಿ ಮಾಡ್ಕೊಂಡು ಸುಮ್ನೆ ಕಾಯುತ್ತೆ. ಸಿ ಇಷ್ಟು ಕುಗ್ಗಿಸು, ಡಿ ಅಷ್ಟು ಸರಿಸು, ಎಲ್ಲ ಬರೀ ಬಾಯಿಮಾತು. ಹಸಿರು ಟಿಕ್ ಒತ್ತಿದಾಗಲೇ ಕೆಲಸ ಶುರು. ಒತ್ತೋ ತನಕ ಅನ್‌ಡೂ ಇದೆ, ಒತ್ತಿದ ಮೇಲೆ ಇಲ್ಲ.

ಆ ಹಸಿರು ಟಿಕ್ಕಿನ ಮುಂದೆ ನಿಮ್ಮ ಮುಖ ನೋಡ್ಬೇಕು! ಡಿ ಸರಿಸೋಕೆ ಹೊರಟ್ರೆ "ಪಾರ್ಟಿಷನ್ ಸರಿಸಿದ್ರೆ ಸಿಸ್ಟಮ್ ಬೂಟ್ ಆಗದೇ ಹೋಗಬಹುದು, ತುಂಬಾ ಹೊತ್ತೂ ಹಿಡೀಬಹುದು" ಅಂತ ಎಚ್ಚರಿಕೆ ಬೇರೆ ಬರುತ್ತೆ. ಆಗ ನೆನಪಾಗುತ್ತೆ ನಿಮಗೆ ಬ್ಯಾಕಪ್ಪು. ಹೊರಗಿನ ಹಾರ್ಡ್ ಡಿಸ್ಕ್ ಇದೆ. ಎಲ್ಲಿ? ಬೀರುವಿನಲ್ಲಿ. ಕೇಬಲ್? ಅದು ಟೀವಿ ಹಿಂದೆ ಸೆಟ್ ಟಾಪ್ ಬಾಕ್ಸಿಗೋ ಇನ್ಯಾವುದಕ್ಕೋ ಹಾಕಿದೀರಿ.

ಕೇಬಲ್ ಸಿಕ್ತಾ? ಸಿಕ್ಕಿದ್ರೆ ಬುದ್ಧಿವಂತರ ದಾರಿ ಒಂದಿದೆ. ಡಿಯಲ್ಲಿರೋದನ್ನೆಲ್ಲ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ತೆರೆದು ನೋಡಿ ಬಂದಿದೆ ಅಂತ ಖಾತ್ರಿ ಮಾಡ್ಕೊಂಡು, ಡಿಯನ್ನೇ ಅಳಿಸಿ ಸಣ್ಣದಾಗಿ ಹೊಸದು ಮಾಡೋದು. ಡಿಯಲ್ಲಿ ಸರಿಸೋ ಸಾಮಾನೇ ಇಲ್ಲ, ಲಿನಕ್ಸಿನ ಸಾಮಾನು ಸರಿಯೋ ತನಕ ಕಾದ್ರೆ ಸಾಕು. ನಾನಾಗಿದ್ರೆ ಇದನ್ನೇ ಮಾಡೋದು. ಆದ್ರೆ "ಡಿ ಅಳಿಸೋದು" ಅನ್ನೋ ಮಾತು ಕೇಳಿದ ಕೂಡಲೇ ನೀವು ಎದೆ ಹಿಡ್ಕೊಂಡ್ರಲ್ಲ, ನೀರು ಬೇಕಾ?

ನಿಮಗಿಂತ ಹಳೇ ಕಂಪ್ಯೂಟರಿನೋರ ಪಾಡು ಬೇರೆ. 1983ರಲ್ಲಿ ಐಬಿಎಂನ ಎಕ್ಸ್‌ಟಿ ಕಂಪ್ಯೂಟರು 10 ಎಂಬಿ ಡಿಸ್ಕ್ ಜೊತೆ ಬಂದಾಗ ಪಾರ್ಟಿಷನ್ ಪಟ್ಟಿಗೆ ಕೊಟ್ಟಿದ್ದು 64 ಬೈಟು, ನಾಲ್ಕೇ ನಾಲ್ಕು ಸಾಲು. 10 ಎಂಬಿಗೆ ನಾಲ್ಕು ಸಾಕಲ್ವಾ? ಆ ನಾಲ್ಕರ ಲೆಕ್ಕವೇ ದಶಕಗಟ್ಟಲೆ ನಡೀತು, ಐದನೇದು ಬೇಕಾದೋರು ಎಕ್ಸ್‌ಟೆಂಡೆಡ್ ಅಂತ ಒಂದು ಮಾಡಿ ಅದರೊಳಗೆ ಲಾಜಿಕಲ್ ಅಂತ ತುರುಕೋರು. ಈಗಿನ ಜಿಪಿಟಿ ಅನ್ನೋ ಪಾರ್ಟಿಷನ್ ಪಟ್ಟಿಯಲ್ಲಿ ಮಾಮೂಲಿಗೆ 128 ಪಾರ್ಟಿಷನ್ ಮಾಡಬಹುದು. ನಿಮ್ಮ ಕೈಗೆ 128! ನಾಲ್ಕೇ ಚೆನ್ನಾಗಿತ್ತು.

ಮತ್ತೆ ಒಂದು ಸಣ್ಣ ಪಾರ್ಟಿಷನ್, ಹೆಸರಿಲ್ಲ, ಅಕ್ಷರ ಇಲ್ಲ, ಸಿಯ ಬೆನ್ನಿಗೇ ಕೂತಿರುತ್ತೆ ನೋಡಿ. ರಿಕವರಿ. "ಎಂತಕ್ಕಿದು" ಅಂತ ಕಿತ್ತು ಎಸೀಬೇಡಿ. ನಿಮಗೊಬ್ಬರಿಗೇ ಅಲ್ಲ ಇದರ ಕಾಟ. 2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಒಂದು ಅಪ್‌ಡೇಟ್ ಬಂತು, ರಿಕವರಿಯಲ್ಲಿ 250 ಎಂಬಿ ಖಾಲಿ ಇಲ್ದಿದ್ರೆ ಅದು ಕೂರ್ತಿರಲಿಲ್ಲ. ಪರಿಹಾರ? ಕಮಾಂಡ್ ಹೊಡೆದು ನೀವೇ ಪಾರ್ಟಿಷನ್ ಹಿಗ್ಗಿಸ್ಕೊಳ್ಳಿ ಅಂದ್ರು ಮೈಕ್ರೋಸಾಫ್ಟ್‌ನೋರು. ಲಿನಕ್ಸಿನ ಹೆಸರೇ ಕೇಳದ ಮೇಷ್ಟ್ರು, ಗುಮಾಸ್ತ್ರು, ಎಲ್ಲರ ಕೈಗೂ ಡಿಸ್ಕ್‌ಪಾರ್ಟ್ ಅನ್ನೋ ಆ ಕಮಾಂಡ್ ಬಂತು. ನೀವು ಅವತ್ತು ಎಷ್ಟು ಬೀಗಿದ್ರಿ, ನೆನಪಿದೆಯಾ?

ಒಂದು ಮಾತ್ರ ಗಟ್ಟಿಯಾಗಿ ಹೇಳ್ಬಿಡ್ತೀನಿ. ಉಬುಂಟುವಿನ ಎಕ್ಸ್‌ಟಿ4 ಪಾರ್ಟಿಷನ್ ಓದೋಕೆ ವಿಂಡೋಸಿಗೆ ಬರಲ್ಲ. ಆ ಪಾರ್ಟಿಷನ್ನಿಗೆ ಯಾವತ್ತಾದ್ರೂ ಒಂದು ಡ್ರೈವ್ ಅಕ್ಷರ ಅಂಟಿಕೊಂಡ್ರೆ ವಿಂಡೋಸ್ ಬಹಳ ವಿನಯದಿಂದ ಕೇಳುತ್ತೆ, "ಈ ಡ್ರೈವ್ ಬಳಸೋಕೆ ಫಾರ್ಮ್ಯಾಟ್ ಮಾಡ್ಬೇಕು, ಮಾಡ್ಲಾ?" ಯಾವ ಪೆಟ್ಟಿಗೆ ಬಂದ್ರೂ ಓದದೆ ಓಕೆ ಒತ್ತೋ ಅಭ್ಯಾಸ ನಿಮ್ಮದು. ಇಲ್ಲಿ ಒತ್ತಬೇಡಿ. ಒತ್ತಿದ್ರೆ ಉಬುಂಟುನೂ ಇಲ್ಲ, ಜಾಗದ ಸಮಸ್ಯೆನೂ ಇಲ್ಲ.

ಎಲ್ಲ ಮುಗೀತು ಅಂತಿಟ್ಕೊಳ್ಳಿ. ಪೆನ್‌ಡ್ರೈವ್ ತೆಗೆದು ಬೂಟ್ ಮಾಡಿದ್ರಿ. ಕಪ್ಪು ಪರದೆ, "ಗ್ರಬ್ ರೆಸ್ಕ್ಯೂ" ಅಂತ ಒಂದು ಸಾಲು ಬಂದ್ರೆ ಅಳಬೇಡಿ. ಪಾರ್ಟಿಷನ್ನಿನ ನಂಬರು ಅದಲುಬದಲಾಗಿ, ಬೂಟ್ ಮಾಡಿಸೋ ಗ್ರಬ್ಬಿಗೆ ತನ್ನ ಮನೆ ಸಿಗ್ತಿಲ್ಲ ಅಷ್ಟೆ. ಫೈಲುಗಳು ಸಾಮಾನ್ಯವಾಗಿ ಇದ್ದಲ್ಲೇ ಇರ್ತವೆ. ಅದೇ ಲೈವ್ ಪೆನ್‌ಡ್ರೈವಿಂದ ಬೂಟ್ ರಿಪೇರ್ ಅನ್ನೋ ಪ್ರೋಗ್ರಾಮ್ ಓಡ್ಸಿದ್ರೆ ಸಾಮಾನ್ಯವಾಗಿ ದಾರಿಗೆ ಬರುತ್ತೆ. (ಈ ಕಾರಣಕ್ಕೇ ಹೇಳೋದು, ಕೆಲಸ ಮುಗೀತು ಅಂತ ಪೆನ್‌ಡ್ರೈವನ್ನ ತಕ್ಷಣ ಭಜನೆ ಹಾಡು ತುಂಬೋಕೆ ಕೊಡಬೇಡಿ.)

ಎಲ್ಲ ಸರಿ ಬಂದ್ರೆ ಗ್ರಬ್ ಪಟ್ಟಿ ಬರುತ್ತೆ. ಮೊದಲ ಹೆಸರು ಉಬುಂಟು, ಕೆಳಗೆಲ್ಲೋ ವಿಂಡೋಸು, ಆರಿಸೋಕೆ 10 ಸೆಕೆಂಡು. ನಿಮಗೆ ಬೇಕಾಗಿರೋದು ವಿಂಡೋಸು, ಆದ್ರೆ ನೀವು ಪವರ್ ಬಟನ್ ಒತ್ತಿ ಕಾಫಿ ತರೋಕೆ ಹೋಗಿದೀರಿ. ವಾಪಸ್ ಬರೋ ಹೊತ್ತಿಗೆ ಉಬುಂಟು ಪಾಸ್‌ವರ್ಡ್ ಕೇಳ್ತಾ ನಿಂತಿರುತ್ತೆ. ರೀಸ್ಟಾರ್ಟ್. ಈ ಸಲ ಕರಿಬೇವಿನೋನು ಬಾಗಿಲಲ್ಲಿ ಕೂಗ್ತಾನೆ. ಮತ್ತೆ ಉಬುಂಟು. ನಿಮ್ಮ ಲಿನಕ್ಸ್ ಬಳಕೆಯ ಬಹುಪಾಲು ಹೀಗೆ ಆಗಿದ್ದು ಅಂತ ನಾನು ಯಾರಿಗೂ ಹೇಳಲ್ಲ.

ಕೊನೆಗೂ ವಿಂಡೋಸಿಗೆ ಹೋದ್ರಿ. ಬೆಳಿಗ್ಗೆ ಹತ್ತಾಗಿದೆ, ಗಡಿಯಾರ ನಾಲ್ಕೂವರೆ ತೋರಿಸ್ತಿದೆ. ಹೆದರಬೇಡಿ, ಪಾರ್ಟಿಷನ್ ಕೆಟ್ಟಿಲ್ಲ. ಕಂಪ್ಯೂಟರಿನೊಳಗಿನ ಗಡಿಯಾರವನ್ನ ಲಿನಕ್ಸು ಯುಟಿಸಿ ಅಂತ ಇಡುತ್ತೆ, ವಿಂಡೋಸು ಅದೇ ಊರಿನ ಟೈಮು ಅಂತ ಓದುತ್ತೆ. ನಮ್ಮದು ಐದೂವರೆ ಗಂಟೆ ಮುಂದಿರೋ ದೇಶ, ಅಷ್ಟೂ ಕಳೆದು ತೋರಿಸುತ್ತೆ. ಉಬುಂಟುವಿನಲ್ಲಿ "ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1" ಅಂತ ಹೊಡೆದ್ರೆ ಇಬ್ಬರೂ ಒಪ್ತಾರೆ. ಹೊಡೀದೆ ಇದ್ರೆ ಆಫೀಸಿಗೆ ಲೇಟಾಗಿದ್ದಕ್ಕೆ ಒಂದು ಹೊಸ ನೆಪ ಆಯ್ತು, ಇಟ್ಕೊಳ್ಳಿ.

ಈಗ ನೋಡಿ, ಉಬುಂಟುಗೆ 75 ಜಿಬಿ. ಖುಷಿನಾ? ಎಲ್ಲಿ, ಒಳಗೆ ಏನಿದೆ ತೋರ್ಸಿ. ಡೌನ್‌ಲೋಡ್ಸ್ ಖಾಲಿ, ಡಾಕ್ಯುಮೆಂಟ್ಸ್ ಖಾಲಿ, ಪಿಕ್ಚರ್ಸ್ ಒಳಗೆ... ಇದೇನ್ರೀ ಇದು? "ಡಿ ಡ್ರೈವ್ ಬ್ಯಾಕಪ್ ಹಳೇದು ಪೂರ್ತಿ". ಯಾವಾಗ ಕಾಪಿ ಮಾಡಿದ್ರಿ ಮಾರಾಯ್ರೆ, ನಾನು ಕಾಫಿ ಕುಡಿಯೋಕೆ ಎದ್ದಾಗ್ಲಾ?